ಟ್ರಯಾಂಗಲ್ ಕಾರ್ಖಾನೆ ಮತ್ತು 146 ಹೆಸರುಗಳು

ನ್ಯೂಯಾರ್ಕ್ ನಗರದ ವಾಷಿಂಗ್ಟನ್ ಪ್ಲೇಸ್ ಮತ್ತು ಗ್ರೀನ್ ಸ್ಟ್ರೀಟ್ ಕೂಡುವ ಮೂಲೆಯಲ್ಲಿ ಹತ್ತು ಅಂತಸ್ತಿನ ಹಳೆಯ ಕಟ್ಟಡವೊಂದಿದೆ. ಈಗ ಅದು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಬ್ರೌನ್ ಬಿಲ್ಡಿಂಗ್. 1911ರಲ್ಲಿ ಅದರ ಹೆಸರು ಆಶ್ ಬಿಲ್ಡಿಂಗ್. ಆಗ ಅದರ ಮೇಲಿನ ಮೂರು ಅಂತಸ್ತುಗಳಲ್ಲಿ ಹೆಂಗಸರ ಕುಪ್ಪಸ ಹೊಲಿಯುವ ಟ್ರಯಾಂಗಲ್ ಕಾರ್ಖಾನೆಯಿತ್ತು. ದುಡಿಯುತ್ತಿದ್ದವರು ಸುಮಾರು 500 ಜನ. ಅವರಲ್ಲಿ ಹೆಚ್ಚಿನವರು ಬದುಕು ಅರಸಿ ಯೂರೋಪಿನಿಂದ ಬಂದಿದ್ದ ಯಹೂದಿ ಮತ್ತು ಇಟಾಲಿಯನ್ ಹುಡುಗಿಯರು.

ಆ ವರ್ಷ ಮಾರ್ಚ್ 25ರ ಶನಿವಾರ ಸಂಜೆ, ಕೆಲಸ ಬಿಡುವ ಹೊತ್ತಿಗೆ, ಎಂಟನೇ ಅಂತಸ್ತಿನಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ತುಂಬಿದ್ದ ಚೂರುಪಾರು ಬಟ್ಟೆಗೆ ಬೆಂಕಿ ಹತ್ತಿತು. ಮಾಲೀಕರಿದ್ದ ಹತ್ತನೇ ಅಂತಸ್ತಿಗೆ ಫೋನಿನಲ್ಲಿ ಸುದ್ದಿ ಹೋಯಿತು; ಅಲ್ಲಿದ್ದವರು ತಾರಸಿ ಹತ್ತಿ ಪಕ್ಕದ ಕಟ್ಟಡಕ್ಕೆ ದಾಟಿಕೊಂಡರು. ನಡುವಿನ ಒಂಬತ್ತನೇ ಅಂತಸ್ತಿಗೆ ಸುದ್ದಿ ಮುಟ್ಟುವ ಮೊದಲೇ ಬೆಂಕಿ ಮುಟ್ಟಿತು. ವಾಷಿಂಗ್ಟನ್ ಪ್ಲೇಸ್ ಕಡೆಯ ಮೆಟ್ಟಿಲಿನ ಬಾಗಿಲಿಗೆ ಬೀಗ ಬಿದ್ದಿತ್ತು. ಹೊರಗೋಡೆಯ ಕಬ್ಬಿಣದ ಮೆಟ್ಟಿಲು ಜನರ ಭಾರಕ್ಕೆ ಕುಸಿಯಿತು. ಅಗ್ನಿಶಾಮಕ ದಳದ ಏಣಿಗೆ ಎಟುಕಿದ್ದು ಆರನೇ ಅಂತಸ್ತು ಮಾತ್ರ. ಲಿಫ್ಟ್ ನಡೆಸುತ್ತಿದ್ದವರು ಆಗುವಷ್ಟು ಸಲ ಮೇಲೆ ಹೋಗಿ ಜನರನ್ನು ಇಳಿಸಿದರು. ಆ ದಿನ ಬದುಕಿದ ಅನೇಕರು ಅವರಿಂದಾಗಿ ಬದುಕಿದರು. ಸತ್ತವರು 146. ಅವರಲ್ಲಿ 123 ಮಂದಿ ಹೆಂಗಸರು, ಹುಡುಗಿಯರು. ಹಲವರು ಕಿಟಕಿಯಿಂದ ಕೆಳಗೆ ಹಾರಿ ಸತ್ತರು.

ಬೀಗ ಹಾಕಿದ್ದು ಮಾಲೀಕರಿಗೆ ಗೊತ್ತಿತ್ತೆಂದು ರುಜುವಾತಾಗದೆ ಡಿಸೆಂಬರಿನಲ್ಲಿ ಇಬ್ಬರೂ ಖುಲಾಸೆಯಾದರು. ನ್ಯಾಯ ಸಿಕ್ಕಿದ್ದು ಶಾಸನಸಭೆಯ ಕಡೆಯಿಂದ, ಅದೂ ಬದುಕುಳಿದವರಿಗೆ: ನ್ಯೂಯಾರ್ಕ್ ರಾಜ್ಯ ನೇಮಿಸಿದ ತನಿಖಾ ಆಯೋಗದಿಂದ ಮೂವತ್ತಕ್ಕೂ ಹೆಚ್ಚು ಕಾರ್ಮಿಕ ಕಾನೂನುಗಳು ಹುಟ್ಟಿದವು. ಬೆಂಕಿಯನ್ನು ಕಣ್ಣಾರೆ ಕಂಡಿದ್ದ ಫ್ರಾನ್ಸಿಸ್ ಪರ್ಕಿನ್ಸ್ 1933ರಲ್ಲಿ ಅಮೆರಿಕದ ಕಾರ್ಮಿಕ ಸಚಿವೆಯಾದರು.

ಕಟ್ಟಡಕ್ಕೆ ಹೆಚ್ಚಿನ ಹಾನಿಯಾಗಿರಲಿಲ್ಲ, ಅದು ಮತ್ತೆ ಬಳಕೆಗೆ ಬಂತು. ಗುರುತು ಹತ್ತದ ಶವಗಳನ್ನು ಬ್ರೂಕ್ಲಿನ್‌ನ ಎವರ್‌ಗ್ರೀನ್ಸ್ ಸ್ಮಶಾನದಲ್ಲಿ ಹೂಳಿ, ಮೇಲೆ ಶೋಕಮೂರ್ತಿಯೊಂದನ್ನು ನಿಲ್ಲಿಸಲಾಯಿತು. ದುರಂತದ ಮೂಲೆಯಲ್ಲಿ ಮಾತ್ರ ಬಹುಕಾಲ ಇದ್ದದ್ದು ಗೋಡೆಗೆ ಜಡಿದ ಫಲಕಗಳಷ್ಟೇ. ಅವು ಸಂಖ್ಯೆ ಹೇಳುತ್ತಿದ್ದವು, ಸತ್ತವರು ಯಾರೆಂದು ಹೇಳುತ್ತಿರಲಿಲ್ಲ.

ಆ ಕೊರತೆಯನ್ನು ಮೊದಲು ತುಂಬಿದ್ದು ಸೀಮೆಸುಣ್ಣ. 2004ರಲ್ಲಿ ಕಲಾವಿದೆ ರೂತ್ ಸರ್ಗೆಲ್ ಪ್ರತಿ ಮಾರ್ಚ್ 25ರಂದು ನಡೆಯುವ ಕೆಲಸವೊಂದನ್ನು ಆರಂಭಿಸಿದರು. ಸತ್ತವರು ವಾಸವಿದ್ದ ಮನೆಗಳನ್ನು ಹುಡುಕಿ, ಬಾಗಿಲ ಮುಂದಿನ ಕಾಲುಹಾದಿಯ ಮೇಲೆ ಅವರವರ ಹೆಸರು, ವಯಸ್ಸು ಬರೆಯುವುದು. ಮಳೆ ಬಂದರೆ ಅಳಿಸಿಹೋಗುತ್ತದೆ, ಮರುವರ್ಷ ಮತ್ತೆ ಬರೆಯಬೇಕು. ಯಾವ ಸರ್ಕಾರಿ ಶಿಲಾಫಲಕಕ್ಕೂ ಇಲ್ಲದ ಗುಣವಿದು: ನೆನಪನ್ನು ಯಾರಾದರೂ ಬಗ್ಗಿ ಕೈಯಾರೆ ಮಾಡಲೇಬೇಕು. ಇಂಥ ಶ್ರದ್ಧೆಯವರು, ಮೃತರ ಬಂಧುಗಳು ಮತ್ತು ಕಾರ್ಮಿಕ ಸಂಘಗಳು ಸೇರಿ ಶಾಶ್ವತ ಸ್ಮಾರಕಕ್ಕಾಗಿ ಒಕ್ಕೂಟ ಕಟ್ಟಿದರು. 2013ರ ವಿನ್ಯಾಸ ಸ್ಪರ್ಧೆಯಲ್ಲಿ ರಿಚರ್ಡ್ ಜೂನ್ ಯೂ ಮತ್ತು ಉರಿ ವೆಗ್‌ಮನ್ ಗೆದ್ದರು. 2015ರಲ್ಲಿ ರಾಜ್ಯ ಸರ್ಕಾರ 15 ಲಕ್ಷ ಡಾಲರ್ ಘೋಷಿಸಿತು.

ಸಾವಿನ ಮನೆಗೆ ಶೋಕದ ಬಟ್ಟೆ ಇಳಿಬಿಡುವ ಅಲ್ಲಿನ ಹಳೆಯ ಪದ್ಧತಿಯಿಂದ ವಿನ್ಯಾಸ ಮೂಡಿತು: ಕಟ್ಟಡದ ಮೂಲೆಯಲ್ಲಿ ಮೇಲಿನಿಂದ ಇಳಿದು, ಬೀದಿಯ ಸಮೀಪ ಎರಡು ಕವಲಾಗಿ ಗೋಡೆಗುಂಟ ಚಾಚುವ ಉಕ್ಕಿನ ಪಟ್ಟಿ. 2019ರಲ್ಲಿ ನೂರಾರು ಜನ ಬಟ್ಟೆಯ ತುಂಡುಗಳನ್ನು ತಂದು ಸುಮಾರು 300 ಅಡಿ ಉದ್ದದ ಪಟ್ಟಿ ಹೊಲಿದರು. ಅದರ ನೇಯ್ಗೆ, ಹೊಲಿಗೆಗಳ ಗುರುತನ್ನು ಉಕ್ಕಿನ ಮೇಲೆ ಮೂಡಿಸಲಾಯಿತು. ಹೊಲಿಗೆಯವರ ಸ್ಮಾರಕ ಹೊಲಿಗೆಯಿಂದಲೇ ಶುರುವಾದದ್ದು ಈ ಕೆಲಸದ ಅತ್ಯಂತ ಸಾರ್ಥಕ ಘಟ್ಟ.

ಸ್ಮಾರಕದ ಅನಾವರಣ 2023ರ ಅಕ್ಟೋಬರ್ 11ರಂದು ನಡೆಯಿತು. ತಲೆಯ ಮೇಲಿನ ಪಟ್ಟಿಯಲ್ಲಿ ಹೆಸರುಗಳನ್ನು ಆರಪಾರ ಕೊರೆಯಲಾಗಿದೆ. ಕೆಳಗಿರುವ ಕಡುಗಪ್ಪು ಫಲಕದಲ್ಲಿ ಅವು ಪ್ರತಿಬಿಂಬಿಸುತ್ತವೆ. ಓದುವವರು ತಲೆ ಬಾಗಿಸಬೇಕು. ನೂರು ವರ್ಷ ಗುರುತಿಲ್ಲದೆ ಮಣ್ಣಿನಲ್ಲಿದ್ದು, 2011ರ ಹೊತ್ತಿಗೆ ಒಬ್ಬ ಸಂಶೋಧಕರ ಹುಡುಕಾಟದಿಂದ ಪತ್ತೆಯಾದ ಆರು ಜನರ ಹೆಸರೂ ಅವುಗಳ ನಡುವೆ ಇವೆ.