ಬಯಲುಸೀಮೆಯ ಚಿಗರಿಬೇಟೆ: ವಿಧಾನ ಮತ್ತು ಧರ್ಮ

ವಿಜಯಪುರದಿಂದ ಭೀಮೆಯನ್ನು ದಾಟಿ ಸೊಲ್ಲಾಪುರಕ್ಕೆ ಸಾಗುವ ರಸ್ತೆಯ ಇಕ್ಕೆಲಗಳಲ್ಲಿ ಕಾಣುವುದು ಬಹುಮಟ್ಟಿಗೆ ಎರೆಯ ಬಯಲು. ದಟ್ಟವಾದ ಕಾಡಿಲ್ಲದ ಇಂಥ ಸೀಮೆಯಲ್ಲಿ ಬೇಟೆಗಾರರನ್ನು ಸೆಳೆದ ಪ್ರಾಣಿಯೆಂದರೆ ಕೃಷ್ಣಮೃಗ. ಜನರ ಮಾತಿನಲ್ಲಿ ಅದು ಚಿಗರಿ. ಬಹುದೂರದಿಂದಲೇ ಅಪಾಯವನ್ನರಿತು ವೇಗವಾಗಿ ಓಡುವ ಈ ಮೃಗವನ್ನು ಮರೆಯಿಲ್ಲದ ನೆಲದಲ್ಲಿ ಹಿಡಿಯುವುದು ಹೇಗೆ? ಅರಸರೂ ಬೇಟೆಯನ್ನೇ ಕಸುಬಾಗಿ ನಂಬಿದವರೂ ಆಂಗ್ಲ ಅಧಿಕಾರಿಗಳೂ ಈ ಪ್ರಶ್ನೆಗೆ ಉತ್ತರ ಕಂಡುಕೊಂಡರು. ಆ ವಿಧಾನಗಳನ್ನು ಹೋಲಿಸಿ, ಯಾವುದು ವಿನೋದವೆನಿಸಿತು, ಯಾವುದು ಅಪರಾಧವೆನಿಸಿತು ಎಂಬುದನ್ನು ಪರಿಶೀಲಿಸುವುದು ನಮ್ಮ ಉದ್ದೇಶ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದ ಮೊದಲರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಇಲ್ಲಿ ಮುಖ್ಯ ಆಧಾರ. ಅದರಲ್ಲಿ ನಾಯಿ, ಗಿಡುಗ, ಮೀನುಗಳ ವಿನೋದಗಳೊಡನೆ ಮೃಗಯಾವಿನೋದವೂ ಅರಸನ ವಿಹಾರಗಳ ಸಾಲಿನಲ್ಲಿ ಬರುತ್ತದೆ. ಅಡಗಿ ಕುಳಿತು ಹೊಡೆಯುವುದು, ಪಳಗಿಸಿದ ಜಿಂಕೆಯನ್ನು ಮುಂದೊಡ್ಡಿ ಕಾಡುಜಿಂಕೆಯನ್ನು ಸೆಳೆಯುವುದು ಮೊದಲಾದ ಉಪಾಯಗಳನ್ನು ಗ್ರಂಥವು ಮುಚ್ಚುಮರೆಯಿಲ್ಲದೆ ವರ್ಣಿಸುತ್ತದೆ. ಮೃಗವನ್ನು ವಂಚಿಸುವುದು ರಾಜಧರ್ಮಕ್ಕೆ ಕುಂದೆಂದು ಅಲ್ಲಿ ಎಣಿಸಿಲ್ಲ.

ಹಾಗೆಂದು ಬೇಟೆಯನ್ನು ಎಲ್ಲರೂ ನಿರ್ದೋಷವೆಂದು ಭಾವಿಸಿದ್ದರೆಂದಲ್ಲ. ಇದಕ್ಕಿಂತ ಹಿಂದಿನ, ದಕ್ಷಿಣ ಕರ್ನಾಟಕದ ಆತಕೂರು ಶಾಸನವನ್ನು (ಶಕ ೮೭೨) ನೋಡಬಹುದು. ಗಂಗ ಬೂತುಗನಿಂದ ಮಣಲೇರನು ಪಡೆದ ‘ಕಾಳಿ’ ಎಂಬ ನಾಯಿ ದೊಡ್ಡ ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಡಲಾಯಿತು. ಆ ಪೂಜೆಯನ್ನು ಮಾಡದೆ ಉಣ್ಣುವ ಗೊರವನಿಗೆ ನಾಯಿ ಮಾಡಿದ ಪಾಪ ತಟ್ಟುವುದೆಂದು ಶಾಸನ ವಿಧಿಸುತ್ತದೆ. ಶೌರ್ಯದ ಗೌರವ, ಕೊಂದ ಪಾಪದ ಅರಿವು ಇವೆರಡೂ ಒಂದೇ ಕಲ್ಲಿನಲ್ಲಿವೆ ಎಂಬುದು ಗಮನಾರ್ಹ.

ಇನ್ನು ಬೇಟೆಯನ್ನೇ ಜೀವನವಾಗಿಸಿಕೊಂಡವರ ವಿಧಾನ. ವಿಜಯಪುರ, ಬಾಗಲಕೋಟೆಗಳ ಹರಣಶಿಕಾರಿಗಳೂ ಅವರ ಬಳಗದ ಫಾಸೆಪಾರಧಿಗಳೂ ಕಸುಬಿನಿಂದಲೇ ಹೆಸರು ಪಡೆದವರು: ಹರಣವೆಂದರೆ ಜಿಂಕೆ, ಫಾಸೆಯೆಂದರೆ ಉರುಲು. ಉದ್ದನೆಯ ಹಗ್ಗಕ್ಕೆ ನರದ ಉರುಲುಗಳನ್ನು ಸಾಲಾಗಿ ಕಟ್ಟಿ, ಗೂಟ ಹೊಡೆದು, ಹಿಂಡನ್ನು ಅತ್ತ ಮೆಲ್ಲನೆ ತಿರುಗಿಸುವುದು ಒಂದು ಬಗೆ. ಪಳಗಿದ ಗಂಡುಚಿಗರಿಯ ಕೋಡಿಗೆ ಉರುಲು ಕಟ್ಟಿ ಹಿಂಡಿನತ್ತ ಬಿಡುವುದು ಇನ್ನೊಂದು. ಕಾದಲು ಬಂದ ಕಾಡುಚಿಗರಿ ಅದರಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಪಳಗಿಸಿದ ಎತ್ತಿನ ಮರೆಯಲ್ಲಿ ಸಮೀಪಿಸುವುದೂ ಉಂಟು.

ಆಂಗ್ಲ ಅಧಿಕಾರಿಗಳು ಬಂದೂಕಿನೊಡನೆ ತಮ್ಮದೇ ನೀತಿಯನ್ನೂ ತಂದರು. ಮೃಗಕ್ಕೆ ತಪ್ಪಿಸಿಕೊಳ್ಳುವ ಅವಕಾಶವಿರಬೇಕು, ಹೆಣ್ಣನ್ನೂ ಮರಿಯನ್ನೂ ಹೊಡೆಯಬಾರದು, ಉರುಲು ಹೇಡಿಯ ಉಪಾಯ ಎಂಬುದು ಅದರ ಸಾರ. ಆದರೆ ಬಯಲಿನಲ್ಲಿ ಅವರು ಹಿಡಿದ ದಾರಿಗಳಲ್ಲಿ ಎತ್ತಿನ ಗಾಡಿಯ ಮರೆಯಲ್ಲಿ ಸಾಗಿ ಗುಂಡು ಹಾರಿಸುವುದೂ ಒಂದು. ಒಕ್ಕಲಿಗನ ಗಾಡಿಗೆ ಹೆದರದ ಚಿಗರಿಯನ್ನು ಆ ನಂಬಿಕೆಯಿಂದಲೇ ಕೊಲ್ಲುವ ಈ ಕ್ರಮಕ್ಕೂ ಎತ್ತಿನ ಮರೆಯ ಪಾರಧಿಯ ಕ್ರಮಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಕೋಡಿಗೆ ಉರುಲು ಕಟ್ಟಿದ ಚಿಗರಿಯೂ ಸೋಮೇಶ್ವರನು ಹೇಳಿದ ಪಳಗಿದ ಜಿಂಕೆಯ ಜಾತಿಯದೇ.

ಉರುಲು ಕ್ರೂರವಲ್ಲವೆಂದು ನಾವು ವಾದಿಸುವುದಿಲ್ಲ. ಅದು ಹೆಣ್ಣು ಗಂಡೆಂದು ನೋಡದೆ ಹಿಡಿಯುತ್ತದೆ. ಸಿಕ್ಕ ಮೃಗ ಒದ್ದಾಡುತ್ತದೆ. ಆದರೆ ಅದು ಜೀವಂತ ಹಿಡಿಯುವುದರಿಂದ, ಬೇಡವಾದುದನ್ನು ಬಿಟ್ಟುಬಿಡಲು ಸಾಧ್ಯ. ಹಾರಿದ ಗುಂಡನ್ನು ಮರಳಿ ಕರೆಯಲಾಗದು. ಹೀಗಿರುವಲ್ಲಿ ವಿಧಾನವನ್ನು ಮಾತ್ರ ತೂಗಿದರೆ ಒಬ್ಬರನ್ನು ಹೊಗಳಿ ಇನ್ನೊಬ್ಬರನ್ನು ದಂಡಿಸಲು ಕಾರಣ ಸಿಗುವುದಿಲ್ಲ.

ಕಾನೂನು ತೂಗಿದ್ದು ಬೇಟೆಗಿಂತ ಹೆಚ್ಚಾಗಿ ಬೇಟೆಗಾರನನ್ನು. ೧೮೫೭ರ ನಿಶ್ಶಸ್ತ್ರೀಕರಣ ಕಾಯಿದೆಯಂತೆ ಆಯುಧಗಳನ್ನೊಪ್ಪಿಸಲು ನಿರಾಕರಿಸಿದ ಹಲಗಲಿಯ ಬೇಡರು ಅದೇ ವರ್ಷ ಬಂಡೆದ್ದು ಹತರಾದರು. ೧೮೭೧ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು ೧೯೧೧ರಲ್ಲಿ ವಿಸ್ತೃತವಾದ ಬಳಿಕ, ಹರಣಶಿಕಾರಿಗಳು ಹುಟ್ಟಿನಿಂದಲೇ ಶಂಕಿತರಾದರು. ವಿಜಾಪುರ, ಸೊಲ್ಲಾಪುರಗಳೆರಡರಲ್ಲಿಯೂ ಇಂಥವರಿಗಾಗಿ ಸೆಟ್ಲಮೆಂಟುಗಳು ಏರ್ಪಟ್ಟವು. ೧೯೫೨ರಲ್ಲಿ ಆ ಕಾಯಿದೆ ದೇಶದಾದ್ಯಂತ ರದ್ದಾಯಿತು. ಶಂಕೆ ಮಾತ್ರ ಕಾಯಿದೆಯೊಡನೆ ಅಳಿಯಲಿಲ್ಲ.

೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕೃಷ್ಣಮೃಗವನ್ನು ಮೊದಲನೆಯ ಅನುಸೂಚಿಯಲ್ಲಿರಿಸಿತು. ಅದರ ಮುಂದೆ ಬಂದೂಕೂ ಉರುಲೂ ಒಂದೇ. ಇದು ನ್ಯಾಯವೇ ಸರಿ. ಆದರೆ ವಿನೋದಕ್ಕೆ ಬೇಟೆಯಾಡಿದವನು ಕಳೆದುಕೊಂಡದ್ದು ಒಂದು ಹವ್ಯಾಸವನ್ನು. ಹೊಟ್ಟೆಗಾಗಿ ಆಡಿದವನು ಕಳೆದುಕೊಂಡದ್ದು ಕಸುಬನ್ನು.

ಆ ಕಸುಬಿನವರ ಮೊಮ್ಮಕ್ಕಳು ಇಂದು ಕಾಲೇಜು ಮೆಟ್ಟಿಲೇರುತ್ತಿದ್ದಾರೆ. ಅರಸನ ಬೇಟೆಯನ್ನು ಸಂಸ್ಕೃತಿಯೆಂದೂ ಅವರ ಹಿರಿಯರ ಬೇಟೆಯನ್ನು ಕಳ್ಳತನವೆಂದೂ ಕಲಿಸುವ ಪಾಠ ಇತಿಹಾಸವಾಗಲಾರದು. ಉರುಲಿನ ಕಟ್ಟುವಿಕೆ, ಅದರ ಭಾಗಗಳ ಹೆಸರು, ಏನನ್ನು ಹಿಡಿಯಬೇಕು, ಏನನ್ನು ಬಿಡಬೇಕೆಂಬ ಅವರ ಕಟ್ಟಳೆ ಇವನ್ನು ಬಲ್ಲ ವೃದ್ಧರು ಇರುವಾಗಲೇ ಬರೆದಿಡುವುದು ಅವಶ್ಯ. ಶಾಸನಗಳನ್ನು ಓದುವಷ್ಟೇ ಶ್ರದ್ಧೆಯಿಂದ ಅಧ್ಯಾಪಕರೂ ವಿದ್ಯಾರ್ಥಿಗಳೂ ಈ ಕಾರ್ಯವನ್ನು ಕೈಗೊಳ್ಳಬೇಕೆಂಬುದು ನಮ್ಮ ವಿನಂತಿ.