ವೀಗನ್ ಹಸಿ ಆಹಾರ ಪದ್ಧತಿ: ಇತಿಹಾಸ

ಹಾಲು, ಮೊಸರು, ಜೇನುತುಪ್ಪ ಸೇರಿದಂತೆ ಪ್ರಾಣಿಮೂಲದ ಎಲ್ಲವನ್ನೂ ಬಿಟ್ಟು, ಹಣ್ಣು, ಸೊಪ್ಪು, ತರಕಾರಿ, ಬೀಜ, ಮೊಳಕೆಕಾಳುಗಳನ್ನು ಬೇಯಿಸದೆ ತಿನ್ನುವ ಪದ್ಧತಿ. ಸುಮಾರು 40ರಿಂದ 48 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯನ್ನು ಅನುಯಾಯಿಗಳು ಒಪ್ಪುವುದಿಲ್ಲ.

ಆಧುನಿಕ ಕಾಲದಲ್ಲಿ ಇದು ಹೆಸರಾದದ್ದು ರೋಗಿಗಳ ಪಥ್ಯವಾಗಿ. ಸ್ವಿಟ್ಜರ್ಲೆಂಡಿನ ವೈದ್ಯ ಮ್ಯಾಕ್ಸಿಮಿಲಿಯನ್ ಬಿರ್ಶರ್-ಬೆನ್ನರ್ (1867–1939) 1904ರಲ್ಲಿ ಜ್ಯೂರಿಕ್‌ನಲ್ಲಿ ಚಿಕಿತ್ಸಾಲಯ ತೆರೆದರು. ಸಿಪ್ಪೆಸಮೇತ ತುರಿದ ಸೇಬು, ಒಂದು ಚಮಚ ನೆನೆಸಿದ ಓಟ್ಸ್, ನಿಂಬೆರಸ, ಬೀಜದ ಪುಡಿ ಕಲಸಿ ಅಲ್ಲಿ ಬಡಿಸುತ್ತಿದ್ದರು. ಇಂದಿನ ಮ್ಯೂಸ್ಲಿಯ ಮೂಲ ಅದೇ. ಆದರೆ ಅದಕ್ಕೆ ಗಟ್ಟಿಹಾಲೂ ಬೀಳುತ್ತಿತ್ತು. ಹಾಲನ್ನು ಪೂರ್ತಿ ಬಿಟ್ಟವರು ಸಂಘಟಿತರಾಗಿದ್ದು ಬಹಳ ತಡವಾಗಿ, 1944ರಲ್ಲಿ ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಸಂಗಡಿಗರು ವೀಗನ್ ಸೊಸೈಟಿ ಕಟ್ಟಿದಾಗ.

ಈ ಚರಿತ್ರೆಯಲ್ಲಿ ಗಾಂಧೀಜಿಯವರ ಪ್ರಯೋಗಕ್ಕಿಂತ ಪ್ರಾಮಾಣಿಕವಾದ ದಾಖಲೆ ಸಿಗುವುದು ಕಷ್ಟ. 1893ರಲ್ಲಿ ಪ್ರಿಟೋರಿಯಾದಲ್ಲಿ ಅವರು ನೆನೆಸಿದ ಗೋಧಿ, ಬಟಾಣಿ, ಒಣದ್ರಾಕ್ಷಿಗಳ ಮೇಲೆ ಕೆಲವು ದಿನ ಕಳೆದರು. ಯಾವ ದಿನ ಎಷ್ಟು ತಿಂದೆ, ಎಷ್ಟು ಹಸಿವಾಯಿತು, ಎಷ್ಟು ನಿಶ್ಶಕ್ತಿಯಾಯಿತು ಎಂದು ಬರೆದಿಟ್ಟು, ಕೊನೆಗೆ ಕೈಬಿಟ್ಟದ್ದನ್ನೂ ಮರುವರ್ಷ ಲಂಡನ್ನಿನ 'ದಿ ವೆಜಿಟೇರಿಯನ್' ಪತ್ರಿಕೆಯಲ್ಲಿ ಪ್ರಕಟಿಸಿದರು. 1929ರಲ್ಲಿ ಮತ್ತೆ ಹಸಿ ಆಹಾರಕ್ಕಿಳಿದರು. ಆಶ್ರಮದ ಕೆಲವರೂ ಜೊತೆಯಾದರು. ಭೇದಿ ಕಾಡಿದ ಮೇಲೆ ಆಡಿನ ಹಾಲಿಗೆ ಮರಳಿದರು, ಅದನ್ನೂ 'ಯಂಗ್ ಇಂಡಿಯಾ'ದಲ್ಲಿ ಮುಚ್ಚಿಡದೆ ಹೇಳಿದರು. ಸೋತ ಪ್ರಯೋಗವನ್ನು ಇಷ್ಟು ಬಿಚ್ಚಿಟ್ಟವರು ಆಹಾರ ಸುಧಾರಕರಲ್ಲಿ ಅಪರೂಪ.

ಅಮೆರಿಕದಲ್ಲಿ ಲಿಥುವೇನಿಯಾ ಮೂಲದ ಆನ್ ವಿಗ್‌ಮೋರ್ (1909–1994) ಬಾಸ್ಟನ್ನಿನಿಂದ ಗೋಧಿಹುಲ್ಲಿನ ರಸ, ಮೊಳಕೆಕಾಳುಗಳನ್ನು ಪ್ರಚಾರ ಮಾಡಿದರು. ಅಡುಗೆ ಮಾಡದ ಪದಾರ್ಥದಲ್ಲಿರುವ ಕಿಣ್ವಗಳು ದೇಹಕ್ಕೆ ಜೀವಶಕ್ತಿ ಕೊಡುತ್ತವೆ ಎಂಬುದು ಅವರ ವಾದ. ಆ ಕಿಣ್ವಗಳಲ್ಲಿ ಬಹುಪಾಲು ಜಠರದ ಆಮ್ಲದಲ್ಲಿ, ಕರುಳಿನಲ್ಲಿ ಬೇರೆ ಪ್ರೋಟೀನುಗಳಂತೆಯೇ ಒಡೆದುಹೋಗುತ್ತವೆ.

ಕರ್ನಾಟಕದಲ್ಲಿ ಹಸಿ ತಿನಿಸು ಹೊಸತಲ್ಲ. ನೆನೆಸಿದ ಹೆಸರುಬೇಳೆಯ ಕೋಸಂಬರಿ ರಾಮನವಮಿಯ ಪಾನಕದ ಜೊತೆಗೇ ಇದೆ. ಪ್ರಕೃತಿ ಚಿಕಿತ್ಸೆಯ ಆಸ್ಪತ್ರೆಗಳಲ್ಲೂ ಹಸಿ ಆಹಾರ ಕೊಡುತ್ತಾರೆ. ಆದರೆ ಅಲ್ಲಿ ಅದು ಶೋಧಕ, ಶಾಮಕ, ಪೋಷಕ ಎಂಬ ಹಂತಗಳ ಪಥ್ಯದ ಒಂದು ಭಾಗ ಮಾತ್ರ, ಜೀವನಪೂರ್ತಿಯ ನಿಯಮವಲ್ಲ. ಈ ವ್ಯತ್ಯಾಸವೇ ಮುಖ್ಯ.

ಜರ್ಮನಿಯಲ್ಲಿ ವರ್ಷಗಟ್ಟಲೆ ಹಸಿ ಆಹಾರವನ್ನೇ ನೆಚ್ಚಿದವರ ಅಧ್ಯಯನಗಳು ಎರಡೂ ಮುಖ ತೋರಿಸಿವೆ. 2005ರ ವರದಿಯಲ್ಲಿ ಎಲ್‌ಡಿಎಲ್ ಕೊಲೆಸ್ಟರಾಲ್ ಮತ್ತು ಟ್ರೈಗ್ಲಿಸರೈಡ್ ಹಿತಕರ ಮಟ್ಟದಲ್ಲಿದ್ದವು, ಆದರೆ ಶೇ 38 ಮಂದಿಗೆ ವಿಟಮಿನ್ ಬಿ12 ಕೊರತೆಯಿತ್ತು. 1999ರ ವರದಿಯಲ್ಲಿ 45 ವರ್ಷದೊಳಗಿನ ಮಹಿಳೆಯರಲ್ಲಿ ಸುಮಾರು ಶೇ 30 ಮಂದಿಗೆ ಮುಟ್ಟು ಏರುಪೇರಾಗಿತ್ತು ಇಲ್ಲವೇ ನಿಂತೇಹೋಗಿತ್ತು. ಊಟದಲ್ಲಿ ಹಸಿ ಆಹಾರದ ಪಾಲು ತೀರಾ ಹೆಚ್ಚಿದ್ದವರಲ್ಲಿ ಇದು ಹೆಚ್ಚು. ಬೇಯಿಸಿದಾಗ ಪಿಷ್ಟ ಸುಲಭವಾಗಿ ಜೀರ್ಣವಾಗುತ್ತದೆ, ಟೊಮೆಟೊದ ಲೈಕೊಪೀನ್ ಹೆಚ್ಚು ದಕ್ಕುತ್ತದೆ, ರಾಜ್ಮಾದ ವಿಷಕಾರಿ ಲೆಕ್ಟಿನ್ ಕುದಿಯುವಾಗ ನಾಶವಾಗುತ್ತದೆ. ವೀಗನ್ ಊಟದಿಂದ ಹಸಿ ಆಹಾರಕ್ಕೆ ದಾಟುವವರಿಗೆ ಬಿ12 ಮಾತ್ರೆ ಬೇಕೇಬೇಕು. ಗರ್ಭಿಣಿಯರು, ಮಕ್ಕಳು ವೈದ್ಯರ ಸಲಹೆಯಿಲ್ಲದೆ ಇದಕ್ಕಿಳಿಯಬಾರದು.