ಲೇಹ್ಯ: ನೆಕ್ಕಿ ತಿನ್ನುವ ಮದ್ದು

ಗುಲ್ವಾಡಿಯ ಸುತ್ತಲಿನ ಕುಂದಾಪುರ ಸೀಮೆಯಲ್ಲಿ ಬಾಣಂತಿಯರಿಗೆ ಕೊಡುವ, ಬೆಲ್ಲದ ಪಾಕಕ್ಕೆ ಶುಂಠಿ, ಜೀರಿಗೆ, ಕಾಳುಮೆಣಸಿನಂಥವುಗಳ ಪುಡಿ ಬೆರೆಸಿ ತುಪ್ಪದೊಡನೆ ಕಾಸಿದ ಮದ್ದಿಗೆ ಲೇಹ್ಯವೆಂದು ಹೆಸರು. ‘ನೆಕ್ಕು’ ಎಂಬರ್ಥದ ಸಂಸ್ಕೃತದ ‘ಲಿಹ್’ ಧಾತುವಿನಿಂದ ಹುಟ್ಟಿದ ಈ ಪದ ಔಷಧಕ್ಕಷ್ಟೇ ಮೀಸಲಲ್ಲ; ಭಕ್ಷ್ಯ, ಭೋಜ್ಯ, ಚೋಷ್ಯ, ಲೇಹ್ಯ ಎಂದು ಆಹಾರವನ್ನು ವಿಂಗಡಿಸುವಾಗ ಅಗಿಯದೆ ನೆಕ್ಕಿ ಸವಿಯುವ ಪದಾರ್ಥಗಳೆಲ್ಲ ಇದರೊಳಗೆ ಸೇರುತ್ತವೆ. ವೈದ್ಯಗ್ರಂಥಗಳು ಇದನ್ನೇ ‘ಅವಲೇಹ’ ಎನ್ನುತ್ತವೆ.

ಮೂಲಿಕೆಗಳ ಪುಡಿಗೆ ಸಕ್ಕರೆಯಾದರೆ 4 ಪಟ್ಟು, ಬೆಲ್ಲವಾದರೆ 2 ಪಟ್ಟು ಬೇಕೆಂದು ಹೇಳುವ ಶಾರ್ಙ್ಗಧರ ಸಂಹಿತೆಯು ಪಾಕ ಹದಕ್ಕೆ ಬಂದುದನ್ನು ತಿಳಿಯುವ ಬಗೆಯನ್ನೂ ವಿವರಿಸುತ್ತದೆ: ಅದು ಎಳೆಯಾಗಿ ಬರಬೇಕು, ನೀರಿಗೆ ಹಾಕಿದರೆ ಮುಳುಗಬೇಕು, ಬೆರಳಿನಿಂದ ಒತ್ತಿದರೆ ಗುರುತು ಉಳಿಯಬೇಕು. ತೂಕದ ಲೆಕ್ಕಕ್ಕಿಂತ ಅಡುಗೆಮನೆಯ ಕೈಗೆ ಈ ಪರೀಕ್ಷೆಗಳೇ ಹೆಚ್ಚು ಒಗ್ಗುವಂಥವು. ಜೇನುತುಪ್ಪವನ್ನು ಮಾತ್ರ ಕುದಿಸದೆ, ಪಾಕ ತಣಿದ ಮೇಲೆಯೇ ಕೂಡಿಸಲಾಗುತ್ತದೆ.

ಲೇಹ್ಯಗಳಲ್ಲಿ ಹೆಸರಾಂತ ಚ್ಯವನಪ್ರಾಶದ ಕ್ರಮವನ್ನು ಹೇಳುವ ಚರಕ ಸಂಹಿತೆ ಅದಕ್ಕೆ 500 ನೆಲ್ಲಿಕಾಯಿಗಳನ್ನು ವಿಧಿಸುತ್ತದೆ. ಈ ಲೇಹ್ಯವನ್ನು ಸೇವಿಸಿ ಮರಳಿ ಯೌವನ ಪಡೆದನೆನ್ನಲಾದ ಚ್ಯವನ ಋಷಿಯ ಹೆಸರೇ ಅದಕ್ಕೂ ಉಳಿದಿದೆ.